ಸ್ಟಾರ್ ಟ್ರೆಕ್ ಹಾಡಿದ್ದಕ್ಕೆ ಜಗಳ: ಬಳ್ಳಾರಿ ಸೀಮೆಗೆ ಇದು ನೂರು ವರ್ಷ ಹಳೇ ಕಥೆ



ಮೊದಲು ಒಂದು ದಿನಾಂಕ ಹೇಳ್ತೀನಿ. 2023ರ ಆಗಸ್ಟ್ 3. ಅವತ್ತು 'ಸ್ಟಾರ್ ಟ್ರೆಕ್: ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' ಸರಣಿಯ ಎರಡನೇ ಸೀಸನ್ನಿನ ಒಂಬತ್ತನೇ ಕಂತು ಬಂತು. ಹೆಸರು 'ಸಬ್‌ಸ್ಪೇಸ್ ರ‍್ಯಾಪ್ಸೊಡಿ'. ಸ್ಟಾರ್ ಟ್ರೆಕ್ ಟಿವಿಯಲ್ಲಿ ಶುರುವಾಗಿದ್ದು 1966ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಇಲ್ಲಿವರೆಗೆ ಎಷ್ಟೋ ಸರಣಿ, ಎಷ್ಟೋ ಸಿನಿಮಾ ಬಂದಿವೆ. ಆದರೆ ಪೂರ್ತಿ ಸಂಗೀತ ನಾಟಕದ ಥರ ಮಾಡಿದ ಕಂತು ಇದೇ ಮೊದಲು.

ನೋಡದೇ ಇರೋರಿಗೆ ಕಥೆ ಚಿಕ್ಕದಾಗಿ ಹೇಳ್ತೀನಿ. ಎಂಟರ್‌ಪ್ರೈಸ್ ಅನ್ನೋ ಅಂತರಿಕ್ಷ ನೌಕೆಗೆ ಆಕಾಶದಲ್ಲಿ ಒಂದು ವಿಚಿತ್ರ ಮಡಿಕೆ ಸಿಗುತ್ತೆ. ಅದರ ಮೂಲಕ ಸಂದೇಶ ಬೇಗ ಕಳಿಸಬಹುದಾ ಅಂತ ಪ್ರಯೋಗ ಮಾಡ್ತಿರ್ತಾರೆ. ಏನು ಕಳಿಸಿದರೂ ಉತ್ತರ ಇಲ್ಲ. ಸಂಪರ್ಕ ಅಧಿಕಾರಿ ಉಹುರಾ ಕೊನೆಗೆ ಒಂದು ಹಾಡು ಕಳಿಸ್ತಾಳೆ. ತಗೋ, ಆ ಮಡಿಕೆ ತಿರುಗಿ ಬಡಿಯುತ್ತೆ. ಅಲ್ಲಿಂದ ನೌಕೆಯಲ್ಲಿರೋ ಎಲ್ಲರೂ ತಮಗೆ ಬೇಡ ಅಂದ್ರೂ ಹಾಡೋಕೆ ಶುರು ಮಾಡ್ತಾರೆ. ಮನಸ್ಸಲ್ಲಿ ಬಚ್ಚಿಟ್ಟಿದ್ದು ಹಾಡಾಗಿ ಬಾಯಿಗೆ ಬಂದುಬಿಡುತ್ತೆ. ಕ್ಯಾಪ್ಟನ್ ಪೈಕ್ ತನ್ನ ಗೆಳತಿ ಜೊತೆಗಿನ ಖಾಸಗಿ ಜಗಳವನ್ನ ಇಡೀ ಸಿಬ್ಬಂದಿ ಎದುರಿಗೇ ಹಾಡಿಬಿಡ್ತಾನೆ.

ಕಂತು ಬಂದ ಮೇಲೆ ಅಭಿಮಾನಿಗಳು ಎರಡು ಪಾಲಾದರು. ಒಂದು ಗುಂಪು ಹೇಳಿದ್ದು: ಇದು ವಿಜ್ಞಾನದ ಕಥೆ ಸ್ವಾಮಿ, ಯುದ್ಧ ಶುರುವಾಗೋ ಹೊತ್ತಲ್ಲಿ ಯಾರಾದ್ರೂ ಹಾಡ್ತಾರಾ? ಕಥೆಯ ಗಾಂಭೀರ್ಯ ಹೋಯ್ತು. ಇನ್ನೊಂದು ಗುಂಪು ಹೇಳಿದ್ದು: ಪಾತ್ರಗಳ ಮನಸ್ಸು ಇಷ್ಟು ಚೆನ್ನಾಗಿ ಕಂಡಿದ್ದು ಇದೇ ಕಂತಲ್ಲಿ, ಇದು ಸೀಸನ್ನಿನ ಬೆಸ್ಟ್. ಇವತ್ತಿಗೂ ಈ ಸರಣಿಯ ಅಭಿಮಾನಿಗಳು ಇಬ್ಬರು ಸೇರಿದರೆ ಈ ಮಾತು ಬಂದೇ ಬರುತ್ತೆ.

ನನಗೆ ಈ ಜಗಳ ಕೇಳಿ ನಗು ಬಂತು. ಯಾಕಂದ್ರೆ ನಾನು ಕೊಟ್ಟೂರು ಕಡೆಯವನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇಷ್ಟೂ ಸೇರಿದ ನಾಡು ನಮ್ಮದು. ಇದರಲ್ಲಿ ಬಹುಭಾಗಕ್ಕೆ ಹಳೇ ಶಾಸನಗಳಲ್ಲಿ ಕೋಗಳಿ ನಾಡು, ಕೋಗಳಿ-500 ಅನ್ನೋ ಹೆಸರಿದೆ. ಕೋಗಳಿ ಅನ್ನೋ ಊರು ಈಗಲೂ ಹಗರಿಬೊಮ್ಮನಹಳ್ಳಿ ತಾಲೂಕಲ್ಲಿದೆ. ಇಲ್ಲಿನ ಜನಕ್ಕೆ ವಾದ ಅಂದ್ರೆ ಪ್ರಾಣ. ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ, 'ಸದ್ದಲೇ' ಅಂತ ಕೂಗಿ, ಒಂದೇ ಒಂದು ಸಾಲು ಕಾರ್ಣಿಕ ನುಡೀತಾನೆ. ಆ ಒಂದು ಸಾಲು ಮಳೆಗೆ ಹೇಳಿದ್ದಾ, ಬೆಳೆಗೆ ಹೇಳಿದ್ದಾ, ಸರ್ಕಾರಕ್ಕೆ ಹೇಳಿದ್ದಾ ಅಂತ ಮುಂದಿನ ಜಾತ್ರೆವರೆಗೆ ಚಹಾ ಅಂಗಡಿಗಳಲ್ಲಿ ವಾದ ನಡೆಯುತ್ತೆ. ಅಂಥ ನಾಡಲ್ಲಿ, 'ಕಥೆ ಮಧ್ಯೆ ಹಾಡು ಬೇಕಾ ಬೇಡವಾ' ಅನ್ನೋ ಜಗಳ ನೂರು ವರ್ಷಕ್ಕೂ ಹಳೇದು. ಆ ಜಗಳದಲ್ಲಿ ಜನರ ಹೊಟ್ಟೆಪಾಡು ಇತ್ತು, ಮರ್ಯಾದೆ ಇತ್ತು. ಅದಕ್ಕೇ ಇವತ್ತು ಅದರ ಚರಿತ್ರೆ ಹೇಳೋಣ ಅಂತ.

ಶುರು ಮಾಡೋಣ ಬಯಲಾಟದಿಂದ.

ನಮ್ಮ ಕಡೆ ದೊಡ್ಡಾಟ ಅಂತಾರೆ, ಬಯಲಾಟ ಅಂತಾರೆ. ಬಯಲಲ್ಲಿ ಅಟ್ಟ ಕಟ್ಟಿ, ರಾತ್ರಿ ಶುರು ಮಾಡಿ, ಬೆಳಕು ಹರಿಯೋವರೆಗೆ ಆಡೋ ಆಟ. ತಲೆ ಮೇಲೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಕಾಲಲ್ಲಿ ಗೆಜ್ಜೆ. ಆಡೋರು ರೈತರು, ಕೂಲಿಯವರು. ಹೊಲದ ಕೆಲಸ ಕಡಿಮೆ ಇರೋ ತಿಂಗಳುಗಳಲ್ಲಿ ಮಾಸ್ತರ್ ಹತ್ರ ಕಲೀತಾರೆ. ಆಟದಲ್ಲಿ ಇಬ್ಬರು ಬಹಳ ಮುಖ್ಯ. ಒಬ್ಬ ಭಾಗವತ, ಅಂದ್ರೆ ಹಾಡೋನು. ಇನ್ನೊಬ್ಬ ಸಾರಥಿ. ಯಾವ ರಾಜ, ಯಾವ ರಾಕ್ಷಸ ರಂಗಕ್ಕೆ ಬಂದರೂ ಸಾರಥಿ ಅವನನ್ನ ನಿಲ್ಲಿಸಿ, ನೀವು ಯಾರು, ಎಲ್ಲಿಂದ ಬಂದ್ರಿ, ಯಾಕೆ ಬಂದ್ರಿ ಅಂತ ವಿಚಾರಿಸ್ತಾನೆ. ನೋಡೋರ ಪರವಾಗಿ ಪ್ರಶ್ನೆ ಕೇಳೋನು ಅವನು.

ಈಗ ಇದರ ಒಳಗಿನ ಲೆಕ್ಕ ನೋಡಿ. ಬಯಲಾಟದಲ್ಲಿ ಮೊದಲು ಪದ, ಆಮೇಲೆ ಮಾತು. ಭಾಗವತ ಪದ ಹಾಡ್ತಾನೆ, ಮದ್ದಳೆ ತಾಳ ಜೊತೆಗೂಡುತ್ತೆ, ಪಾತ್ರ ಕುಣಿಯುತ್ತೆ. ಕಥೆ ಮುಂದಕ್ಕೆ ಹೋಗೋದು ಪದದಲ್ಲಿ. ಪದ ಮುಗಿದ ಮೇಲೆ ಪಾತ್ರಧಾರಿ ಅದನ್ನೇ ಮಾತಲ್ಲಿ ಬಿಡಿಸಿ ಹೇಳ್ತಾನೆ. ಅಂದ್ರೆ ಇಲ್ಲಿ ಹಾಡೇ ಹೆದ್ದಾರಿ, ಮಾತು ಅದರ ಪಕ್ಕದ ಸರ್ವಿಸ್ ರಸ್ತೆ. 'ದುರ್ಯೋಧನ ಯಾಕೆ ಹಾಡ್ತಾನೆ' ಅಂತ ಕೇಳಿದ್ರೆ ನಮ್ಮ ಅಜ್ಜಂದಿರು ನಿಮ್ಮನ್ನೇ ವಿಚಿತ್ರವಾಗಿ ನೋಡ್ತಾರೆ. ದುರ್ಯೋಧನ ಹಾಡದೇ ಇನ್ನೇನು ಮಾಡ್ಬೇಕು?

ಸ್ಟಾರ್ ಟ್ರೆಕ್ಕಿನಲ್ಲಿ ಇದು ತಲೆಕೆಳಗು. ಅಲ್ಲಿ ಮಾತು ಸಹಜ, ಹಾಡು ಅಪವಾದ. ಅಪವಾದಕ್ಕೆ ಕಾರಣ ಕೊಡಬೇಕು. ಹಾಗಾಗಿ ಆಕಾಶದ ಮಡಿಕೆ, ಅದರಿಂದ ಹುಟ್ಟಿದ ವಿಚಿತ್ರ ವಲಯ, ಇಷ್ಟೆಲ್ಲ ಏರ್ಪಾಡು. ಅಮೆರಿಕದ ಬೇರೆ ಸರಣಿಗಳೂ ಹೀಗೇ ಮಾಡಿವೆ. 2001ರ ನವೆಂಬರ್ 6ರಂದು 'ಬಫಿ ದಿ ವ್ಯಾಂಪೈರ್ ಸ್ಲೇಯರ್' ಸರಣಿಯ ಹೆಸರುವಾಸಿ ಹಾಡಿನ ಕಂತು ಬಂತು. ಅಲ್ಲಿ ಎಲ್ಲರೂ ಹಾಡೋದಕ್ಕೆ ಕಾರಣ ಒಂದು ಭೂತ. ಕಾರಣ ಭೂತವೋ ಭೌತಶಾಸ್ತ್ರವೋ, ನೋಡೋರ ಮುಂದೆ ಒಂದು ಪರವಾನಗಿ ಚೀಟಿ ಇಡಲೇಬೇಕು ಅನ್ನೋದು ಆ ಕಡೆಯ ನಿಯಮ.

ಆ ಬಫಿ ಕಂತಿನ ಹೆಸರು ಗೊತ್ತಾ? 'ಒನ್ಸ್ ಮೋರ್, ವಿತ್ ಫೀಲಿಂಗ್'. ಈ 'ಒನ್ಸ್ ಮೋರ್' ಅನ್ನೋ ಎರಡು ಇಂಗ್ಲಿಷ್ ಶಬ್ದ ಇಂಗ್ಲಿಷ್ ಬಾರದ ನಮ್ಮ ಹಳ್ಳಿಗಳಿಗೂ ಗೊತ್ತಿತ್ತು. ಅದನ್ನ ತಂದಿದ್ದು ಕಂಪನಿ ನಾಟಕ.

ಹತ್ತೊಂಬತ್ತನೇ ಶತಮಾನದ ಕೊನೆ ಹೊತ್ತಿಗೆ ವೃತ್ತಿ ನಾಟಕ ಕಂಪನಿಗಳು ಎದ್ದವು. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಪರದೆ, ಸೀನರಿ, ಟಿಕೆಟ್ಟು, ಕಾಲಲ್ಲಿ ತುಳಿಯೋ ಹಾರ್ಮೋನಿಯಂ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ, ಅದನ್ನ ನುಡಿಸಿ ನಾಟಕ ಕಲಿಸೋರಿಗೆ ಪೇಟಿ ಮಾಸ್ತರ್ ಅಂತಾರೆ. ಮೈಕ್ ಇಲ್ಲದ ಕಾಲ ಅದು. ಕೊನೇ ಸಾಲಿನವರಿಗೆ ಮುಟ್ಟಬೇಕಂದ್ರೆ ಗಟ್ಟಿ ಕಂಠ ಬೇಕು. ಹಾಗಾಗಿ ಹಾಡೋಕೆ ಬಂದರೇನೇ ನಟ. ಹಾಡು ಹಿಡಿಸಿದ್ರೆ ಜನ 'ಒನ್ಸ್ ಮೋರ್' ಅಂತ ಕೂಗೋರು. ನಟ ಮತ್ತೆ ಹಾಡಬೇಕು. ಸತ್ತು ಬಿದ್ದ ಪಾತ್ರ ಒನ್ಸ್ ಮೋರ್ ಕೇಳಿ ಎದ್ದು ಕೂತು, ಹಾಡಿ, ಮತ್ತೆ ಸತ್ತ ಕಥೆಯನ್ನ ನಾಟಕದ ಹಳಬರು ಯಾರನ್ನ ಕೇಳಿದ್ರೂ ಹೇಳ್ತಾರೆ. ನಗಬೇಡಿ. ಅದು ಅವತ್ತಿನ ಲೈಕ್ ಬಟನ್. ವ್ಯತ್ಯಾಸ ಏನಂದ್ರೆ, ಅವತ್ತಿನ ಲೈಕ್ ನಟನ ಕಿವಿಗೆ ಅಲ್ಲೇ ಬೀಳ್ತಿತ್ತು.

ಇನ್ನು ಜಗಳಕ್ಕೆ ಬರೋಣ. ಇದಕ್ಕೆ ನಾವು ಬಳ್ಳಾರಿ ಪಟ್ಟಣಕ್ಕೆ ಹೋಗಬೇಕು.

ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಅದರ ತಾಲೂಕುಗಳು. 1953ರ ಅಕ್ಟೋಬರ್ 1ರಂದು ಇದೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. 2021ರಿಂದ ಈ ತಾಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ. ಮದ್ರಾಸಿನ ಕಾಲದಲ್ಲಿ ಬಳ್ಳಾರಿ ಊರು ಕನ್ನಡ, ತೆಲುಗು ಎರಡೂ ಒಂದೇ ಬೀದಿಯಲ್ಲಿ ಓಡಾಡೋ ಊರು. ಕೋರ್ಟು ಕಚೇರಿ ಜಾಸ್ತಿ, ವಕೀಲರು ಜಾಸ್ತಿ. ಆ ವಕೀಲರಲ್ಲಿ ಕೆಲವರಿಗೆ ನಾಟಕದ ಹುಚ್ಚು.

ಒಬ್ಬರು ಧರ್ಮವರಂ ರಾಮಕೃಷ್ಣಮಾಚಾರ್ಯರು. ಹುಟ್ಟಿದ್ದು 1853ರಲ್ಲಿ, ತೀರಿಕೊಂಡಿದ್ದು 1912ರಲ್ಲಿ. ಸರಸ ವಿನೋದಿನಿ ಸಭಾ ಅನ್ನೋ ನಾಟಕ ಸಂಘ ಇವರದು. ತೆಲುಗಿನವರು ಇವರನ್ನ 'ಆಂಧ್ರ ನಾಟಕ ಪಿತಾಮಹ' ಅಂತ ಕರೀತಾರೆ. ತೆಲುಗು ನಾಟಕದಲ್ಲಿ ಪದ್ಯವನ್ನ, ಹಾಡನ್ನ ರಾಗವಾಗಿ ಹಾಡೋ ಪದ್ಧತಿ ಬೇರೂರೋಕೆ ಇವರು ಮುಖ್ಯ ಕಾರಣ. ಅದೇ ಊರಲ್ಲಿ ಇನ್ನೊಬ್ಬ ವಕೀಲರು ಕೋಲಾಚಲಂ ಶ್ರೀನಿವಾಸರಾಯರು. ಇವರದು ಐತಿಹಾಸಿಕ ನಾಟಕಗಳು. ಇವರ ಕಡೆಯವರ ಸಂಘ ಸುಮನೋರಮಾ ಸಭಾ. ಒಂದೇ ಊರಲ್ಲಿ ಎರಡು ನಾಟಕ ಸಂಘ ಅಂದ್ರೆ ಪೈಪೋಟಿ ಕೇಳಬೇಕಾ?

ಮೂರನೆಯವರು ಬಳ್ಳಾರಿ ರಾಘವ. ಪೂರ್ತಿ ಹೆಸರು ತಾಡಿಪತ್ರಿ ರಾಘವಾಚಾರ್ಯ. ಹುಟ್ಟು 1880, ಸಾವು 1946. ಇವರೂ ವಕೀಲರೇ. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ನಾಟಕಗಳಲ್ಲಿ ಪಾತ್ರ ಮಾಡಿದವರು. ಕೋಲಾಚಲಂ ಅವರ ನಾಟಕದಲ್ಲಿ ಪಠಾಣ್ ರುಸ್ತುಂ ಪಾತ್ರ ಇವರಿಗೆ ದೊಡ್ಡ ಹೆಸರು ತಂತು. ಬಳ್ಳಾರಿಯ ರಾಘವ ಕಲಾಮಂದಿರ ಇವರ ಹೆಸರಿನದೇ.

ಮಜಾ ಏನಪ್ಪಾ ಅಂದ್ರೆ, ರಾಘವ ಧರ್ಮವರಂ ಅವರ ಸೋದರಳಿಯ. ಸೋದರಮಾವ ನಾಟಕಕ್ಕೆ ರಾಗ ತಂದವರು. ಅಳಿಯ ಅದನ್ನ ಕಡಿಮೆ ಮಾಡ್ರಿ ಅಂದವರು. ಪದ್ಯವನ್ನ ಎಳೆದೆಳೆದು ಹಾಡ್ತಾ ನಿಂತರೆ ಪಾತ್ರ ಮಾಯವಾಗುತ್ತೆ, ಗಾಯಕ ಮಾತ್ರ ಉಳೀತಾನೆ; ಪಾತ್ರಕ್ಕೆ ಏನಾಗ್ತಿದೆಯೋ ಅದು ಮುಖದಲ್ಲಿ, ಮಾತಲ್ಲಿ, ಮೌನದಲ್ಲಿ ಬರಬೇಕು ಅನ್ನೋ ಕಡೆ ರಾಘವ ನಿಂತರು. ಹೆಣ್ಣಿನ ಪಾತ್ರವನ್ನ ಹೆಣ್ಣುಮಕ್ಕಳೇ ಮಾಡಬೇಕು ಅಂತಲೂ ಒತ್ತಾಯಿಸಿ, ಅವರನ್ನ ರಂಗಕ್ಕೆ ಕರೆತಂದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಸ್ಟಾರ್ ಟ್ರೆಕ್ಕಿನ ಅಭಿಮಾನಿಗಳ ಎರಡೂ ಗುಂಪು ಇಲ್ಲಿ ಒಂದೇ ಮನೆಯಲ್ಲಿ ಇದೆ, ನೋಡಿ. ಹಾಡು ಬಂದರೆ ಕಥೆ ನಿಲ್ಲುತ್ತೆ ಅನ್ನೋದು ರಾಘವರ ಪಕ್ಷ. ಹಾಡಿಲ್ಲದೆ ಭಾವ ಏರಲ್ಲ ಅನ್ನೋದು ಧರ್ಮವರಂ ಪಕ್ಷ. ನನ್ನ ಕೇಳಿದ್ರೆ ಇಬ್ಬರ ಮಾತಲ್ಲೂ ನಿಜ ಇದೆ. ಒನ್ಸ್ ಮೋರ್‌ಗೆ ಎದ್ದು ಕೂರೋ ಹೆಣವನ್ನ ನೋಡಿ ರಾಘವರಿಗೆ ತಲೆ ಬಿಸಿಯಾದ್ರೆ ಅದರಲ್ಲಿ ತಪ್ಪೇನಿದೆ?

ಇದೇ ಹೊತ್ತಿಗೆ ಬೆಂಗಳೂರಲ್ಲಿ ಟಿ.ಪಿ. ಕೈಲಾಸಂ ಬಂದ್ರು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದೋರು. 'ಟೊಳ್ಳು ಗಟ್ಟಿ' ಥರದ ನಾಟಕಗಳಲ್ಲಿ ರಾಜ ಇಲ್ಲ, ರಾಕ್ಷಸ ಇಲ್ಲ, ರಾತ್ರಿಯಿಡೀ ಹಾಡಿಲ್ಲ. ಮನೆಯ ನಡುಮನೆಯಲ್ಲಿ ಜನ ಮಾತಾಡೋ ಹಾಗೇ ಮಾತು, ಇಂಗ್ಲಿಷ್ ಬೆರೆಸಿ. ಹವ್ಯಾಸಿ ರಂಗಭೂಮಿ ಅಂತ ನಾವು ಕರೆಯೋದು ಹೀಗೆ ಗಟ್ಟಿಯಾಯ್ತು. ಕನ್ನಡಕ್ಕೆ ಅದರಿಂದ ಆದ ಲಾಭ ದೊಡ್ಡದು. ವರದಕ್ಷಿಣೆ, ಓದು, ವಿಧವೆಯರ ಪಾಡು, ಇವೆಲ್ಲ ರಂಗಕ್ಕೆ ಬಂದವು.

ಆದರೆ ಇದಕ್ಕೆ ಒಂದು ಬೆಲೆಯೂ ಇತ್ತು. ಮಾತಿನ ನಾಟಕ ಅಂದ್ರೆ ಓದಿದೋರ ನಾಟಕ, ಹಾಡಿನ ನಾಟಕ ಅಂದ್ರೆ ಹಳ್ಳಿಯೋರ ಗದ್ದಲ ಅನ್ನೋ ಒಂದು ಲೆಕ್ಕ ಮೆಲ್ಲಗೆ ಬಂತು. ಆ ಲೆಕ್ಕದಲ್ಲಿ ಕೆಳಗೆ ಬಿದ್ದೋರು ಯಾರು? ಬಯಲಾಟದ ಭಾಗವತ. ಪೇಟಿ ಮಾಸ್ತರ್. ಎಲ್ಲಕ್ಕಿಂತ ಹೆಚ್ಚಾಗಿ, ಹಾಡಿ ಕುಣಿದು ಹೊಟ್ಟೆ ಹೊರೆಯೋ ಹೆಣ್ಣುಮಗಳು. ರಂಗಕ್ಕೆ ಬಂದ ಮೇಲೆ ಅವಳಿಗೆ ಊರು ಕೊಟ್ಟ ಹೆಸರು 'ನಾಟಕದಾಕಿ'. ಆ ಶಬ್ದವನ್ನ ಊರು ಯಾವ ದನಿಯಲ್ಲಿ ಹೇಳುತ್ತೆ ಅಂತ ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ರಾತ್ರಿ ಅದೇ ಊರು ಅವಳ ಹಾಡಿಗೆ ಒನ್ಸ್ ಮೋರ್ ಕೂಗುತ್ತೆ. ಬೆಳಿಗ್ಗೆ ಅವಳಿಗೆ ಬಾಡಿಗೆ ಮನೆ ಕೊಡೋಕೆ ಹಿಂದೆ ಮುಂದೆ ನೋಡುತ್ತೆ.

ಹಾಡು ಬೇಕಾ ಬೇಡವಾ ಅನ್ನೋದು ರುಚಿಯ ಪ್ರಶ್ನೆ ಅಂತ ನಾವು ಅಂದ್ಕೋತೀವಿ. ಹಾಡೇ ಹೊಟ್ಟೆಪಾಡು ಆದವರಿಗೆ ಅದು ಅನ್ನದ ಪ್ರಶ್ನೆ.

ಈಗ ಸಿನಿಮಾ. ಇಂಡಿಯಾದ ಮೊದಲ ಮಾತಿನ ಚಿತ್ರ 'ಆಲಂ ಆರಾ' 1931ರ ಮಾರ್ಚ್ 14ರಂದು ಬಂತು. ಅದರಲ್ಲಿ ಏಳು ಹಾಡು. ಮರುವರ್ಷ ಬಂದ 'ಇಂದ್ರಸಭಾ'ದಲ್ಲಿ ಸುಮಾರು 70 ಹಾಡು. ಕನ್ನಡದ 'ಸತಿ ಸುಲೋಚನಾ' ಬಂದಿದ್ದು 1934ರ ಮಾರ್ಚ್ 3ರಂದು. ಅದರ ನಟರು ನಾಟಕ ಕಂಪನಿಯಿಂದ ಬಂದವರು, ಅಲ್ಲಿನ ಹಾಡೂ ಅವರ ಜೊತೆಗೇ ಬಂತು. ಹೀಗೆ ಬಯಲಾಟದ ಲೆಕ್ಕ ಕಂಪನಿ ನಾಟಕಕ್ಕೆ, ಅಲ್ಲಿಂದ ಸಿನಿಮಾಕ್ಕೆ ಇಳೀತು. ಆದ್ದರಿಂದಲೇ ನಾವು ವೈಜ್ಞಾನಿಕ ಕಥೆ ಮಾಡಿದಾಗಲೂ ಹಾಡಿಗೆ ಕಾರಣ ಕೊಡಲಿಲ್ಲ. 2002ರಲ್ಲಿ ಉಪೇಂದ್ರ 'ಹಾಲಿವುಡ್' ಸಿನಿಮಾದಲ್ಲಿ ರೋಬೋ ಆದರು, ಹಾಡುಗಳಿದ್ದವು. 2010ರಲ್ಲಿ ರಜನೀಕಾಂತ್ 'ಎಂದಿರನ್'ನಲ್ಲಿ ರೋಬೋ ಆದರು, ರೋಬೋ ಕುಣಿದೇ ಕುಣೀತು. ಆಕಾಶದ ಮಡಿಕೆ ನಮಗೆ ಬೇಕಾಗಲಿಲ್ಲ.

ನಮ್ಮಲ್ಲಿ ಜಗಳ ಹುಟ್ಟಿದ್ದು ಉಲ್ಟಾ ಕಡೆಯಿಂದ. ಹಾಡು ತೆಗೆದಾಗ! 1989ರಲ್ಲಿ ಸುನೀಲ್‌ಕುಮಾರ್ ದೇಸಾಯಿ 'ತರ್ಕ' ಮಾಡಿದರು. ಶಂಕರ್‌ನಾಗ್ ಇದ್ದ ಸಿನಿಮಾ, ಒಂದೂ ಹಾಡಿಲ್ಲ. 1993ರಲ್ಲಿ ಅವರೇ ವಿಷ್ಣುವರ್ಧನ್ ಅವರನ್ನ ಇಟ್ಕೊಂಡು 'ನಿಷ್ಕರ್ಷ' ಮಾಡಿದರು. ಅದರಲ್ಲೂ ಹಾಡಿಲ್ಲ. ಕಟ್ಟಡದೊಳಗೆ ಬ್ಯಾಂಕ್ ದರೋಡೆಕೋರರು, ಒತ್ತೆಯಾಳುಗಳು, ಹೊರಗೆ ಕಮಾಂಡೋ. ಇಲ್ಲಿ ಹಾಡು ಹಾಕಿದ್ರೆ ಬಿಗಿ ಸಡಿಲ ಆಗ್ತಿತ್ತು. ಅಮೆರಿಕದವರಿಗೆ ಹಾಡಿನ ಕಂತು ಹೇಗೆ ಸಾಹಸವೋ, ನಮಗೆ ಹಾಡಿಲ್ಲದ ಸಿನಿಮಾ ಹಾಗೆ ಸಾಹಸ. ಎರಡೂ ಕಡೆ ನೋಡೋರು ಕೇಳಿದ್ದು ಒಂದೇ ಮಾತು: ರೂಢಿ ಮುರಿದಿದ್ದೀರಲ್ಲ, ಅದರಿಂದ ನಮಗೇನು ಸಿಕ್ತು?

ರಂಗಭೂಮಿಯಲ್ಲಿ ಈ ಜಗಳಕ್ಕೆ ಒಂದು ಒಳ್ಳೇ ಉತ್ತರ ಸಿಕ್ಕಿದ್ದು 1970ರ ದಶಕದ ಶುರುವಲ್ಲಿ. ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದ್ದವರು, ಅಲ್ಲಿನ ಹಾಡು ಅವರ ರಕ್ತದಲ್ಲಿತ್ತು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಹೊಸ ಕಾಲದ ರಂಗಭೂಮಿಯನ್ನೂ ಓದಿದರು. ಚಂದ್ರಶೇಖರ ಕಂಬಾರರು ಬಯಲಾಟದ ಮೇಲೆ ಸಂಶೋಧನೆ ಮಾಡಿದವರು, ಅದರ ಹದ ಹಿಡಿದು 'ಜೋಕುಮಾರಸ್ವಾಮಿ' ಬರೆದರು. 1972ರಲ್ಲಿ ಕಾರಂತರು ಅದನ್ನ ಬೆಂಗಳೂರಲ್ಲಿ ಆಡಿಸಿದರು. ಜಮೀನು ಯಾರದು, ಉಳುವವನದಾ ಗೌಡನದಾ ಅನ್ನೋ ಕಥೆ. ಅದರಲ್ಲಿ ಹಾಡಿದೆ, ಕುಣಿತ ಇದೆ, ಸೂತ್ರಧಾರ ಮೇಳ ಇದೆ. ಹಳ್ಳಿ ಗದ್ದಲ ಅಂತ ಮೂಗು ಮುರಿದ ಪೇಟೆಯ ಜನವೇ ಟಿಕೆಟ್ ತಗೊಂಡು ಅದನ್ನ ನೋಡಿದರು. ಕಾರಂತರ ಕೈಯಲ್ಲಿ ಹಾಡು ರಾಗಪ್ರದರ್ಶನ ಆಗಲಿಲ್ಲ. ಪಾತ್ರ ಬಾಯಿಬಿಟ್ಟು ಹೇಳೋಕಾಗದ ಕಡೆ ಹಾಡು ಬಂತು, ಕೆಲಸ ಮುಗಿಸಿ ಹೋಯ್ತು. ಮಾವನ ರಾಗಕ್ಕೂ ಅಳಿಯನ ತಕರಾರಿಗೂ ಇಲ್ಲಿ ಒಂದು ರಾಜಿ ಆಯ್ತು ಅಂತ ನಾನು ಅಂದ್ಕೊಂಡಿದ್ದೀನಿ.

ಆ ರಾಜಿಯಿಂದ ನನಗೆ ಒಂದು ಅಳತೆಗೋಲು ಸಿಕ್ಕಿದೆ. 'ನಿಜಜೀವನದಲ್ಲಿ ಯಾರಾದ್ರೂ ಹೀಗೆ ಹಾಡ್ತಾರಾ' ಅನ್ನೋ ಪ್ರಶ್ನೆ ಬಿಡಿ. ನಿಜಜೀವನದಲ್ಲಿ ಯಾರೂ ಬೆಳಕಿಗಿಂತ ವೇಗವಾಗಿ ಹೋಗೋ ನೌಕೆಯಲ್ಲೂ ಕೂರಲ್ಲ. ಕೇಳಬೇಕಾದ ಪ್ರಶ್ನೆ ಇದು: ಈ ಮಾತನ್ನ ಹಾಡದೇ ಹೇಳೋಕೆ ಆಗ್ತಿತ್ತಾ? ಆಗ್ತಿತ್ತು ಅಂದ್ರೆ ಹಾಡು ಅಲಂಕಾರ. ಆಗ್ತಿರಲಿಲ್ಲ ಅಂದ್ರೆ ಹಾಡು ಕಥೆ.

ಈ ಅಳತೆಗೋಲು ಹಿಡ್ಕೊಂಡು ಆ ಸ್ಟಾರ್ ಟ್ರೆಕ್ ಕಂತಿಗೆ ಹೋಗೋಣ. ಲಾ'ಆನ್ ಅನ್ನೋ ಭದ್ರತಾ ಅಧಿಕಾರಿ ಇದ್ದಾಳೆ. ಬಿಗಿ ಮುಖ, ಕಡಿಮೆ ಮಾತು. ಒಬ್ಬನ ಮೇಲೆ ಮನಸ್ಸಾಗಿದೆ, ಹೇಳೋ ಹಾಗಿಲ್ಲ. ಕೋಣೆಯಲ್ಲಿ ಒಬ್ಬಳೇ ಇದ್ದಾಗ ಅವಳು ಹಾಡ್ತಾಳೆ. ಅವಳು ಅದನ್ನ ಮಾತಲ್ಲಿ ಹೇಳಿದ್ರೆ ಅವಳು ಅವಳಾಗಿ ಉಳೀತಿರಲಿಲ್ಲ. ಈ ಹಾಡು ಪಾಸ್. ನರ್ಸ್ ಚಾಪೆಲ್‌ಗೆ ಬೇರೆ ಕಡೆ ಹೋಗಿ ಕಲಿಯೋ ಅವಕಾಶ ಸಿಕ್ಕಿದೆ, ಅವಳು ಖುಷಿಯಿಂದ ಹಾಡಿ ಕುಣೀತಾಳೆ. ಅವಳನ್ನ ಪ್ರೀತಿಸೋ ಸ್ಪಾಕ್ ಅಲ್ಲೇ ನಿಂತು ಕೇಳ್ತಿದ್ದಾನೆ. ಒಂದೇ ಹಾಡು ಅವಳಿಗೆ ಹಬ್ಬ, ಅವನಿಗೆ ವಿದಾಯ. ಇದೂ ಪಾಸ್. ಆಮೇಲೆ ಕ್ಲಿಂಗನ್ ಅನ್ನೋ ಉಗ್ರ ಯೋಧರು ಬಾಯ್ ಬ್ಯಾಂಡ್ ಥರ ಹಾಡಿ ಕುಣೀತಾರೆ. ನಗು ಬಂತು, ಸರಿ. ಆದರೆ ಅವರ ಬಗ್ಗೆ ನಮಗೆ ಹೊಸದೇನೂ ಗೊತ್ತಾಗಲಿಲ್ಲ. ನನ್ನ ಲೆಕ್ಕದಲ್ಲಿ ಅದು ಫೇಲ್. ನೀವು ಒಪ್ಪದೇ ಇರಬಹುದು, ಕಾಮೆಂಟಲ್ಲಿ ಬನ್ನಿ.

ಉಹುರಾ ಬಗ್ಗೆ ಒಂದು ಮಾತು ಸೇರಿಸ್ತೀನಿ. 'ಸ್ಟಾರ್ ಟ್ರೆಕ್ಕಿನಲ್ಲಿ ಹಾಡಾ!' ಅಂತ ಹುಬ್ಬೇರಿಸಿದವರು ಮರೆತ ಸಂಗತಿ ಅದು. 1966ರಲ್ಲಿ, ಶುರುವಿನ ಕಂತುಗಳಲ್ಲೇ ಒಂದಾದ 'ಚಾರ್ಲಿ ಎಕ್ಸ್'ನಲ್ಲಿ ಮೊದಲ ಉಹುರಾ ಹಾಡಿದ್ದಳು, ಸ್ಪಾಕ್ ತಂತಿವಾದ್ಯ ನುಡಿಸಿದ್ದ. ಆ ಪಾತ್ರ ಮಾಡಿದ ನಿಶೆಲ್ ನಿಕೋಲ್ಸ್ ನಟಿ ಆಗೋ ಮುಂಚೆ ಡ್ಯೂಕ್ ಎಲಿಂಗ್ಟನ್ ತಂಡದ ಜೊತೆ ಹಾಡಿದವರು. ಅಂದ್ರೆ ಅಲ್ಲೂ ಹಾಡು ಹೊರಗಿಂದ ಬಂದಿದ್ದಲ್ಲ. ಹಾಡೋ ಒಬ್ಬ ಕಪ್ಪು ಹೆಣ್ಣುಮಗಳು ಮೊದಲಿಂದಲೂ ಆ ನೌಕೆಯಲ್ಲಿ ಇದ್ದಳು.

ಇಲ್ಲಿಂದ ನಾನು ನಿಮ್ಮನ್ನ ಮರಿಯಮ್ಮನಹಳ್ಳಿಗೆ ಕರ್ಕೊಂಡು ಹೋಗ್ತೀನಿ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಕಡೆ ಹೊರಟರೆ ದಾರಿಯಲ್ಲಿ ಸಿಗೋ ಊರು. ರಂಗ ಕಲಾವಿದೆಯರ ಊರು ಅಂತಲೇ ಹೆಸರು. ನಮ್ಮ ಕಡೆ ಹಳ್ಳಿಯಲ್ಲಿ ನಾಟಕ ಇಟ್ಕೊಂಡ್ರೆ ಗಂಡು ಪಾತ್ರ ಊರಿನವರೇ ಮಾಡ್ತಾರೆ, ಹೆಣ್ಣು ಪಾತ್ರಕ್ಕೆ ಇಂಥ ಊರುಗಳಿಂದ ಕಲಾವಿದೆಯರನ್ನ ಕರೆಸ್ತಾರೆ. ಗೋಡೆಗೆ ಅಂಟಿಸಿದ ಪೋಸ್ಟರಲ್ಲಿ 'ಸ್ತ್ರೀ ಪಾತ್ರಗಳಲ್ಲಿ' ಅಂತ ಅವರ ಹೆಸರು, ಫೋಟೋ ಇರುತ್ತೆ. ಅವರು ಮಾತೂ ಆಡಬೇಕು, ಹಾಡೂ ಹಾಡಬೇಕು. ಹೀಗೆ ಹಾಡಿ ದೊಡ್ಡ ಹೆಸರು ಮಾಡಿದವರು ಬಳ್ಳಾರಿಯ ಸುಭದ್ರಮ್ಮ ಮನ್ಸೂರು. 2020ರಲ್ಲಿ ತೀರಿಕೊಂಡರು. ಅವರ ರಂಗಗೀತೆ ಕೇಳಿದ್ರೆ, ಹಾಡಲ್ಲಿ ನಟಿಸೋದು ಅಂದ್ರೇನು ಅಂತ ಗೊತ್ತಾಗುತ್ತೆ.

ಮರಿಯಮ್ಮನಹಳ್ಳಿಯವರೇ ಮಂಜಮ್ಮ ಜೋಗತಿ. ನಿಮಗೆ ಅವರು ಗೊತ್ತು. 2021ರ ನವೆಂಬರಲ್ಲಿ ಪದ್ಮಶ್ರೀ ತಗೊಳೋ ಮುಂಚೆ ರಾಷ್ಟ್ರಪತಿಗಳಿಗೆ ಸೆರಗಿಂದ ದೃಷ್ಟಿ ತೆಗೆದ ಆ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವರು. ಊರು, ಮನೆ ದೂರ ಮಾಡಿದಾಗ ಕಾಳವ್ವ ಜೋಗತಿ ಅವರ ಜೊತೆ ಸೇರಿ ಜೋಗತಿ ನೃತ್ಯ ಕಲಿತರು. ತಲೆ ಮೇಲೆ ಕೊಡ ಹೊತ್ತು ಕುಣಿಯೋ ಕಲೆ, ಜೊತೆಗೆ ಚೌಡಿಕೆ, ಜೊತೆಗೆ ಎಲ್ಲಮ್ಮನ ಕಥೆಯ ಹಾಡು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ ಆದರು. ಆ ಕುರ್ಚಿಯಲ್ಲಿ ಕೂತ ಮೊದಲ ಟ್ರಾನ್ಸ್‌ಜೆಂಡರ್ ವ್ಯಕ್ತಿ ಅವರು.

ನಮ್ಮ ಅಳತೆಗೋಲನ್ನ ಇಲ್ಲಿಟ್ಟು ನೋಡಿ. 'ನಾನು ಇಂಥವಳು' ಅಂತ ಬರೀ ಮಾತಲ್ಲಿ ಹೇಳಿದ್ರೆ ಕೇಳೋಕೆ ಆ ಕಾಲದಲ್ಲಿ ಯಾವ ಊರೂ ತಯಾರಿರಲಿಲ್ಲ. ಚೌಡಿಕೆ ಹಿಡಿದು ಎಲ್ಲಮ್ಮನ ಹಾಡು ಹಾಡಿದಾಗ ಅದೇ ಊರು ಕೂತು ಕೇಳ್ತು, ಕಾಳು ಕಡಿ ಕೊಟ್ಟಿತು, ಕೈ ಮುಗೀತು. ಮಾತಿಗೆ ಮುಚ್ಚಿದ ಬಾಗಿಲು ಹಾಡಿಗೆ ತೆರೀತು. ಎಂಟರ್‌ಪ್ರೈಸ್ ನೌಕೆಯಲ್ಲಿ ಬಚ್ಚಿಟ್ಟ ಮಾತು ಹಾಡಾಗಿ ಹೊರಗೆ ಬಂದಿದ್ದು ಬರಹಗಾರರ ಕಲ್ಪನೆ. ನಮ್ಮ ಸೀಮೆಯಲ್ಲಿ ಅದು ಬದುಕಿನ ದಾರಿ.

ಕೊನೇ ವಿಚಾರ ನಮ್ಮ ಫೋನಿನ ಬಗ್ಗೆ. ಪರದೆ ಮೇಲೆ ಎರಡು ಸಲ ತಟ್ಟಿದ್ರೆ 10 ಸೆಕೆಂಡ್ ಮುಂದಕ್ಕೆ ಹೋಗುತ್ತೆ. ಹಾಡು ಬಂದಾಗ ನಮ್ಮಲ್ಲಿ ಬಹಳ ಜನ ಅದನ್ನೇ ಮಾಡೋದು. ಒನ್ಸ್ ಮೋರ್ ಅನ್ನೋದು ಒಂದು ಓಟು, ಈ ತಟ್ಟೋದೂ ಒಂದು ಓಟು. ಆದರೆ ಒನ್ಸ್ ಮೋರ್ ಕೂಗಿದವನ ಪಕ್ಕದಲ್ಲಿ 'ಸಾಕು ಬಿಡ್ರೋ, ಕಥಿ ಮುಂದ ಹೋಗ್ಲಿ' ಅನ್ನೋನೂ ಇರ್ತಿದ್ದ. ಇಬ್ಬರ ದನಿಯೂ ರಂಗದ ಮೇಲೆ ನಿಂತವರಿಗೆ ಕೇಳಿಸ್ತಿತ್ತು. ಆ ಗದ್ದಲದಿಂದಲೇ ರಾಘವರಂಥ ನಟರು, ಕಾರಂತರಂಥ ನಿರ್ದೇಶಕರು ದಾರಿ ಹುಡುಕಿದರು. ನಾವು ಒಬ್ಬೊಬ್ಬರೇ ಕೂತು ತಟ್ಟಿ ಮುಂದೆ ಹೋದ್ರೆ ಹಾಡಿದವರಿಗೆ ಏನೂ ಕೇಳಿಸಲ್ಲ. ಹಾಡು ಯಾಕೆ ಹಿಡಿಸಲಿಲ್ಲ ಅಂತಲೂ ಅವರಿಗೆ ಗೊತ್ತಾಗಲ್ಲ. ಹಾಗಾಗಿ ಸ್ಟಾರ್ ಟ್ರೆಕ್ ಅಭಿಮಾನಿಗಳ ಜಗಳ ನನಗೆ ಇಷ್ಟ ಆಯ್ತು. ಬೈಯೋಕಾದ್ರೂ ಅವರು ಆ ಕಂತನ್ನ ಪೂರ್ತಿ ನೋಡಿದ್ದರು.

ಈ ಬೇಸಿಗೆಗೆ ನಮ್ಮ ಐದು ತಾಲೂಕಿನ ಯಾವುದಾದ್ರೂ ಹಳ್ಳಿಯ ಗೋಡೆ ಮೇಲೆ ನಾಟಕದ ಪೋಸ್ಟರ್ ಕಂಡ್ರೆ ಒಂದು ರಾತ್ರಿ ಹೋಗಿ ಕೂತ್ಕೊಳ್ಳಿ. ಹಾಡು ಹಿಡಿಸಿದ್ರೆ ಒನ್ಸ್ ಮೋರ್ ಅನ್ನಿ. ಹಿಡಿಸದಿದ್ರೆ ಆಟ ಮುಗಿದ ಮೇಲೆ ಪೇಟಿ ಮಾಸ್ತರ್ ಹತ್ರ ಹೋಗಿ ಯಾಕೆ ಅಂತ ಹೇಳಿ. ಅವರು ನಿಮಗೆ ಚಹಾ ಕುಡಿಸಿ, ಬೆಳಗಾಗೋವರೆಗೆ ವಾದ ಮಾಡ್ತಾರೆ.